ಮೊಣಕಾಲೊಳಗಿನ ಕಳ್ಳನಿದ್ದೆ

ನೀಲಗಂಗವ್ವನ ಬಲ ಮೊಣಕಾಲು ಮೂರನೆಯ ಸಲ ಬಾತುಕೊಂಡದ್ದು ಮೊದಲು ಗೊತ್ತಾದದ್ದು ಸೊಸೆ ದಾಕ್ಷಾಯಣಿಗೆ. ನೀಲಗಂಗವ್ವ ತಾನಾಗಿ ಬಾಯಿಬಿಟ್ಟು ಹೇಳಿದ್ದಲ್ಲ. ಹುಬ್ಬಳ್ಳಿಯ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ಖಾನಾವಳಿ. ಗಂಡ ತೀರಿಕೊಂಡಾಗಿನಿಂದ ಒಂಟಿಯಾಗಿ ಅದನ್ನು ನಡೆಸಿಕೊಂಡು ಬಂದವಳು. ಗಿರಾಕಿ ಕೇಳುವ ಮೊದಲೇ ತಾಟಿಗೆ ರೊಟ್ಟಿ ಬೀಳಬೇಕು ಎಂಬುದು ಅವಳ ಹಟ. ಅಂಥವಳು ಆ ದಿನ ರೊಟ್ಟಿಯ ಬುಟ್ಟಿಯನ್ನು ಮೇಜಿನ ಮೇಲಿಟ್ಟು, "ಬೇಕಾದವ್ರು ತೊಗೊಳ್ರಿ" ಎಂದು ಕುರ್ಚಿಯಲ್ಲಿ ಕೂತೇ ಇದ್ದಳು. ಊಟಕ್ಕೆಂದು ಪ್ರಯೋಗಶಾಲೆಯಿಂದ ಬಂದ ದಾಕ್ಷಾಯಣಿ ಬಾಗಿಲಲ್ಲೇ ನಿಂತು ನೋಡಿದಳು. ಒಳಗೆ ಬಂದವಳೇ ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತಳು.

"ಅತ್ತಿ, ಕಾಲು ತೋರಸ್ರಿ."

"ಏನಾಗೇತಿ ಕಾಲಿಗೆ? ಒಂದ್ ಗಳಿಗಿ ಕುಂತಿದ್ದೂ ತಪ್ಪಾತೇನು?"

ದಾಕ್ಷಾಯಣಿ ಮಂಡಿಯ ಮೇಲೆ ಅಂಗೈ ಇಟ್ಟಳು. ಒಲೆಯಿಂದ ಈಗಷ್ಟೇ ಇಳಿಸಿದ ಪಾತ್ರೆಯನ್ನು ಮುಟ್ಟಿದಂತಾಯಿತು.

"ಯಾವತ್ತಿಂದ?"

"ಅಮಾಸಿ ಹೊತ್ತಿಗೆ ಸ್ವಲ್ಪ ಬಿಗದಿತ್ತು. ತಾನಾ ಇಳೀತೈತಿ ಅಂತ ಬಿಟ್ಟೆ. ಚೆನ್ನವೀರಗ ಹೇಳಬ್ಯಾಡ, ಅಂವ ಸುಮ್ಮನ ಹೆದರತಾನ."

ಚೆನ್ನವೀರ ಅವಳ ಮಗ, ದಾಕ್ಷಾಯಣಿಯ ಗಂಡ. ರೈಲ್ವೆ ಕಾರ್ಯಾಗಾರದಲ್ಲಿ ಟನ್ನುಗಟ್ಟಲೆ ತೂಕದ ಗಾಲಿಗಳನ್ನು ಎತ್ತಿಳಿಸುವ ಆಸಾಮಿ; ಆದರೆ ಅವ್ವನ ಕೈಗೆ ಸೂಜಿ ಚುಚ್ಚುವಾಗ ಗೋಡೆ ನೋಡುತ್ತಾನೆ.

ಆ ಮೊಣಕಾಲು ನೀಲಗಂಗವ್ವನ ಸ್ವಂತದ್ದಲ್ಲ. ಜೀವಮಾನವಿಡೀ ಕಲ್ಲುನೆಲದ ಮೇಲೆ ನಿಂತು ಸವೆಸಿದ ಕೀಲನ್ನು ತೆಗೆದು, ಅಲ್ಲಿ ಲೋಹದ ಕೀಲು ಕೂಡಿಸಿದ್ದರು. ಕೆಲವು ತಿಂಗಳು ಚೆನ್ನಾಗಿಯೇ ನಡೆದಳು. ಆಮೇಲೆ ಕೀಲಿಗೆ ಸೋಂಕು ತಗುಲಿತು. ಆ್ಯಂಟಿಬಯೋಟಿಕ್ ಕೊಟ್ಟರು, ಬಾವು ಇಳಿಯಿತು, ಕೋಲು ಬಿಸಾಕಿದಳು. ಔಷಧ ನಿಲ್ಲಿಸಿದ ಸ್ವಲ್ಪ ದಿನಕ್ಕೆ ಮತ್ತೆ ಬಂತು. ಇನ್ನೂ ಹೆಚ್ಚು ದಿನ ಔಷಧ ಕೊಟ್ಟರು, ಮತ್ತೆ ಇಳಿಯಿತು. ಈಗ ಮತ್ತೆ.

ಆಸ್ಪತ್ರೆಯಲ್ಲಿ ಮೂಳೆ ತಜ್ಞ ಡಾಕ್ಟರ್ ಇಮ್ತಿಯಾಜ್ ಕಿತ್ತೂರ ಮಂಡಿಯಿಂದ ಸ್ವಲ್ಪ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು.

"ಅವ್ವಾರ, ಇನ್ನ ಬರೇ ಔಷಧದಾಗ ಇದು ಮುಗಿಯೂ ಹಂಗ ಕಾಣೂದಿಲ್ಲ. ಕೀಲು ತಗೀಬೇಕು. ಒಳಗೆಲ್ಲಾ ಸ್ವಚ್ಛ ಮಾಡಿ, ಕೆಲವು ತಿಂಗಳು ಹಂಗ ಬಿಟ್ಟು, ಎಲ್ಲಾ ಸರಿ ಇದ್ರ ಆಮ್ಯಾಲ ಹೊಸಾದು ಕೂಡಸೂಣು."

"ಎಲ್ಲಾ ಸರಿ ಇರಲಿಲ್ಲಂದ್ರ?"

"ನಿಮಗ ಸಕ್ಕರಿ ಕಾಯಿಲೆ ಐತಿ. ಸುಳ್ಳ ಯಾಕ ಹೇಳ್ಲಿ, ಮತ್ತ ಕೂಡಸಾಕ ಆಗದನೂ ಹೋಗಬಹುದು."

"ಅಲ್ಲೀತನಕ ಖಾನಾವಳಿ?"

"ಸೊಸಿ ಅದಾರಲ್ಲ."

"ಈಕೀನ?" ನೀಲಗಂಗವ್ವ ದಾಕ್ಷಾಯಣಿಯ ಕಡೆ ಗದ್ದ ಎತ್ತಿ ತೋರಿಸಿದಳು. "ಈಕಿ ಬಡದ ರೊಟ್ಟೀನ ಗಿರಾಕಿ ಹಪ್ಪಳ ಅಂತ ತಿಂದು, ರೊಟ್ಟಿ ಯಾವಾಗ ಬರ್ತೈತಿ ಅಂತ ಕೇಳ್ಯಾರ್ರಿ."

ಡಾಕ್ಟರು ನಕ್ಕರು. ದಾಕ್ಷಾಯಣಿಯೂ ನಕ್ಕಳು, ಆದರೆ ಅವಳ ಕಣ್ಣು ಮೇಜಿನ ಮೇಲಿನ ಮೂರು ವರದಿಗಳ ಮೇಲಿತ್ತು. ಮೂರೂ ಸಲ ಸಿಕ್ಕಿದ್ದು ಒಂದೇ ಬ್ಯಾಕ್ಟೀರಿಯಾ. ಮೂರೂ ಸಲ ವರದಿ ಹೇಳಿದ್ದೂ ಒಂದೇ ಮಾತು: ಈ ಔಷಧಕ್ಕೆ ಇದು ಸಾಯುತ್ತದೆ. ದಾಕ್ಷಾಯಣಿಯ ಕಸುಬೇ ಸೂಕ್ಷ್ಮಜೀವಿಗಳನ್ನು ಅಭ್ಯಾಸ ಮಾಡುವುದು. ಔಷಧಕ್ಕೆ ಬಗ್ಗದ ತಳಿಯಾಗಿದ್ದರೆ ವರದಿಯಲ್ಲಿ ಕಾಣಬೇಕಿತ್ತು.

"ಔಷಧಕ್ಕ ಸಾಯೂವಂಥಾವು ಮತ್ತ ಮತ್ತ ಹೆಂಗ ಉಳದು ಬಂದ್ವು ಡಾಕ್ಟ್ರ?"

"ಅದು ನಿಮ್ಮ ಇಲಾಖೆ, ಮೇಡಂ. ನಾ ಕೀಲು ಕೂಡಸಾಂವ," ಎಂದರು ಇಮ್ತಿಯಾಜ್. ಆಮೇಲೆ ಯೋಚಿಸಿ, "ಗುಳಿಗಿ ಕೊಟ್ಟು ಸ್ವಲ್ಪ ದಿನ ಹಿಡದಿಡಬಹುದು. ಬಾಳ ದಿನ ಅಲ್ಲ. ಅಷ್ಟರಾಗ ನಿಮಗ ಏನರ ಹೊಳದ್ರ ಹೇಳ್ರಿ," ಎಂದರು. ಉಳಿದಿದ್ದ ಮಂಡಿಯ ನೀರಿನ ಒಂದು ಪುಟ್ಟ ಸೀಸೆಯನ್ನು ಅವಳ ಕೈಗೆ ಕೊಡಿಸಿದರು.

*

ಊರ ಹೊರಗಿನ ಪ್ರಯೋಗಶಾಲೆಯಲ್ಲಿ ದಾಕ್ಷಾಯಣಿಯ ಜೊತೆಗಾರ್ತಿ ಸವಿನಾ ಫರ್ನಾಂಡಿಸ್. ಕಾರವಾರದವಳು, ಭೌತಶಾಸ್ತ್ರ ಓದಿದವಳು. ಬ್ಯಾಕ್ಟೀರಿಯಾ ಬದುಕಿರುವಾಗ ಅದರ ಮೈಯೊಳಗೆ ಏನೋ ಒಂದು ಸದಾ ಅಲುಗುತ್ತಿರುತ್ತದೆ. ಒಂದೇ ಪರಮಾಣುವಿನಷ್ಟು ತೆಳ್ಳಗಿನ ಇಂಗಾಲದ ಹಾಳೆಯನ್ನು ಸಣ್ಣ ರಂಧ್ರದ ಮೇಲೆ ಬಿಗಿದು, ಅದರ ಮೇಲೆ ಬ್ಯಾಕ್ಟೀರಿಯಾ ಕೂರಿಸಿದರೆ ಹಾಳೆಯೂ ಅಲುಗುತ್ತದೆ. ಆ ಅಲುಗಾಟವನ್ನು ಬೆಳಕಿನಿಂದ ಓದಿ ಸದ್ದಾಗಿ ಬದಲಿಸುವ ಯಂತ್ರವನ್ನು ಸವಿನಾ ಕಟ್ಟಿದ್ದಳು. ಉಗುರಿನಗಲದ ಬಿಲ್ಲೆಯೊಂದರಲ್ಲಿ ಅಂಥ ಲಕ್ಷಗಟ್ಟಲೆ ಹಾಳೆಗಳು. ಹುಬ್ಬಳ್ಳಿಗೆ ಬಂದ ವರ್ಷವೇ ಹೋಳಿಯಲ್ಲಿ ಓಣಿ ಓಣಿಯಲ್ಲಿ ಚರ್ಮ ಬಿಗಿದ ಹಲಗಿಗಳ ಬಡಿತ ಕೇಳಿ ಕಿವಿ ಮುಚ್ಚಿಕೊಂಡಿದ್ದ ಅವಳು ಯಂತ್ರಕ್ಕೆ ಇಟ್ಟ ಹೆಸರು ಹಲಗಿ.

ಯಾವ ಔಷಧ ನಾಟುತ್ತದೆ ಎಂದು ಬೇಗ ತಿಳಿಯಲೆಂದು ಮಾಡಿದ ಯಂತ್ರ ಅದು. ಔಷಧ ಹಾಕು, ಸದ್ದು ನಿಂತರೆ ಸತ್ತಿತು ಎಂದು ಬರೆ, ಮುಂದಿನ ಸೀಸೆ ತೆಗೆ. ಇಷ್ಟೇ ಕೆಲಸ.

ನೀಲಗಂಗವ್ವನ ಮಂಡಿಯ ನೀರನ್ನು ಹಲಗಿಯ ಮೇಲೆ ಬಿಟ್ಟಾಗ ಮೊರದಲ್ಲಿ ಗೋಧಿ ಹಸನು ಮಾಡುವಂಥ ಸದ್ದು ಕೋಣೆ ತುಂಬ ಹರಡಿತು. ಔಷಧ ಬಿಟ್ಟರು. ಸದ್ದು ತೆಳ್ಳಗಾಗುತ್ತ ಬಂದು ಕಡೆಗೆ ಪೂರ್ತಿ ನಿಂತಿತು.

"ಮುಗೀತು. ಬಂದ್ ಮಾಡುವನಾ?" ಸವಿನಾ ಗುಂಡಿಯ ಮೇಲೆ ಬೆರಳಿಟ್ಟಳು.

"ಬ್ಯಾಡ, ಇರಲಿ. ಎರಡು ಸಲ ಆಸ್ಪತ್ರಿಯವ್ರು ಇಲ್ಲೇ ಮುಗೀತಂತ ಎದ್ದು ಹೋಗ್ಯಾರ. ಈ ಸಲ ಕುಂದ್ರೂಣು."

"ಖಾಲಿ ಹಲಗಿ ಕೇಳಿಕೊಂಡು ಕೂರೋದಾ ಮಾರಾಯ್ತಿ?"

ಕೂತರು. ಒಮ್ಮೆಯಾದರೂ ಅಲುಗಿದ ಹಾಳೆಯನ್ನು ಗುರುತು ಹಾಕುವಂತೆ ಸವಿನಾ ಕಂಪ್ಯೂಟರಿಗೆ ಹೇಳಿಕೊಟ್ಟಳು. ಮರುದಿನ ಮಧ್ಯಾಹ್ನದ ಹೊತ್ತಿಗೆ ಲಕ್ಷಗಟ್ಟಲೆ ಹಾಳೆಗಳ ನಡುವೆ ಒಂದು ಹಿಡಿಯಷ್ಟಕ್ಕೆ ಗುರುತು ಬಿದ್ದಿತ್ತು. ದಾಕ್ಷಾಯಣಿ ಅದರಲ್ಲೊಂದನ್ನು ಆರಿಸಿ ಹೆಡ್‌ಫೋನ್ ಹಾಕಿಕೊಂಡಳು. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಪೆಟ್ಟು, ಯಾರೋ ನಿದ್ದೆಯಲ್ಲಿ ಮಗ್ಗಲು ಬದಲಿಸಿದಂತೆ. ಮತ್ತೆ ಮೌನ. ಅವಳು ಹೆಡ್‌ಫೋನ್ ತೆಗೆದು ಸವಿನಾಳ ಕಿವಿಗೆ ಹಚ್ಚಿದಳು.

ಔಷಧವನ್ನು ತೊಳೆದು ಹೊಸ ಆಹಾರ ಕೊಟ್ಟಾಗ ಆ ಹಾಳೆಗಳೇ ಮತ್ತೆ ಗುನುಗತೊಡಗಿದವು. ಅಲ್ಲಿ ಹುಟ್ಟಿದ ಹೊಸ ಪೀಳಿಗೆಗೆ ಅದೇ ಔಷಧ ಕೊಟ್ಟರು. ಮಕ್ಕಳೇನೂ ಹೆತ್ತವರಿಗಿಂತ ಗಟ್ಟಿಯಾಗಿರಲಿಲ್ಲ. ಹೆಚ್ಚುಕಡಿಮೆ ಎಲ್ಲವೂ ಸತ್ತವು. ಆದರೆ ಅವುಗಳಲ್ಲೂ ಒಂದು ಹಿಡಿ ಸುಮ್ಮನೆ ಮಲಗಿ ಉಳಿದವು. ಬ್ಯಾಕ್ಟೀರಿಯಾಗಳ ಸಂತೆಯಲ್ಲಿ ಕೆಲವು ಹೀಗೆ ನಿದ್ದೆ ಹೋಗಿರುತ್ತವೆ ಎಂಬುದು ವಿಜ್ಞಾನಿಗಳಿಗೆ ಹಳೆಯ ಸುದ್ದಿ. ಆದರೆ ಒಬ್ಬ ರೋಗಿಯ ಮೈಯಿಂದ ತೆಗೆದ ನೀರಿನಲ್ಲಿ ಸತ್ತವು ಯಾವುವು, ಮಲಗಿದವು ಯಾವುವು ಎಂದು ಬೇರೆ ಬೇರೆಯಾಗಿ ಕಿವಿಯಲ್ಲಿ ಕೇಳಿದ್ದು ಆ ಇಬ್ಬರಿಗೆ ಅದೇ ಮೊದಲು.

*

ಮಧ್ಯಾಹ್ನದ ಗದ್ದಲ ಮುಗಿದು ಖಾನಾವಳಿ ತಣ್ಣಗಾಗಿತ್ತು. ನೀಲಗಂಗವ್ವ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ದಾಕ್ಷಾಯಣಿ ಪಕ್ಕದಲ್ಲಿ ಕೂತು ತಾನೂ ಒಂದು ಗಡ್ಡೆ ಎತ್ತಿಕೊಂಡಳು.

"ಅವು ಸತ್ತಿಲ್ಲ ಅತ್ತಿ. ಮಲಗ್ಯಾವ."

"ಎಲ್ಲೆ, ನನ್ನ ಮೊಣಕಾಲಾಗ?"

"ಹೂಂನ್ರಿ. ಔಷಧ ಹೋಗಿ ಕೆಡಸೂದು ಅವು ಒಳಗ ಮಾಡೂ ಕೆಲಸಾನ. ಕೆಲಸಾನ ನಿಲ್ಲಿಸಿ ಬಿದ್ಕೊಂಡ್ರ ಔಷಧ ಏನ್ ಕೆಡಸ್ತೈತಿ? ಒಳಗ ಹೋಗಬೇಕಂದ್ರೂ ಅವ ಬಾಗಲಾ ತಗೀಬೇಕು. ಮಲಗಿದ್ದು ಬಾಗಲಾ ತಗಿಯೂದಿಲ್ಲ."

"ಔಷಧ ಬರೂದು ಗೊತ್ತಾಗಿ ಮಲಗತಾವೇನು? ಕಳ್ಳರ ಇದ್ದಂಗ ಅದಾವ."

"ಅಷ್ಟು ಶಾಣ್ಯಾ ಅಲ್ರಿ. ಔಷಧ ಬರಲಿ, ಬಿಡಲಿ, ಒಂದೆರಡು ಯಾವಾಗ್ಲೂ ಮಲಗಿರತಾವ. ಉಳದಾವೆಲ್ಲಾ ಸಾಯ್ತಾವ, ನಾವು ಗೆದ್ವಿ ಅಂತ ಔಷಧ ನಿಲ್ಲಸ್ತೀವಿ. ಆಮ್ಯಾಲ ಇವು ಎದ್ದು ಮತ್ತ ಸಂಸಾರ ಹೂಡ್ತಾವ."

ನೀಲಗಂಗವ್ವ ತನ್ನ ಮಂಡಿಯನ್ನು ಹೊಸದಾಗಿ ನೋಡಿದಳು. "ಈಗ ಏನ್ ಮಾಡವ್ರು?"

"ಎಬ್ಬಿಸಿ ಔಷಧ ಕೊಡಬೇಕು ಅಂತ ವಿಚಾರ ಮಾಡೀವಿ. ಸಕ್ಕರಿ ಕೊಟ್ಟು ಎಬ್ಬಸೂದು."

ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು.

"ನಾ ಚಾದಾಗ ಒಂದ್ ಚಿಮಟಿ ಸಕ್ಕರಿ ಹಾಕ್ಕೊಂಡ್ರ ಮನಿ ಮಂದೆಲ್ಲಾ ಕೂಡಿ ಪಂಚಾಯ್ತಿ ಮಾಡ್ತೀರಿ. ಬಾಡಿಗಿ ಕೊಡದ ನನ್ನ ಕಾಲಾಗ ಮಲಗಿದ್ದಕ್ಕ ಎಬ್ಬಿಸಿ ಸಕ್ಕರಿ ತಿನಸ್ತೀರೇನು?"

ಒಳಗೆ ಪಾತ್ರೆ ತಿಕ್ಕುತ್ತಿದ್ದ ಹೆಂಗಸೂ ನಕ್ಕಿದ್ದು ಕೇಳಿಸಿತು. ನಗು ಇಳಿದ ಮೇಲೆ ನೀಲಗಂಗವ್ವ, "ಎದ್ದದ್ದು ನಿನಗ ಹೆಂಗ ತಿಳೀತೈತಿ?" ಎಂದು ಕೇಳಿದಳು.

"ಕೇಳಸ್ತೈತಿ," ಎಂದಳು ದಾಕ್ಷಾಯಣಿ.

*

ಹೇಳಿದಷ್ಟು ಸುಲಭವಾಗಿರಲಿಲ್ಲ. ಮೊದಲು ಗ್ಲೂಕೋಸ್ ಕೊಟ್ಟರು, ಮಲಗಿದ್ದವು ಮಿಸುಕಾಡಲಿಲ್ಲ. ಒಂದಾದ ಮೇಲೊಂದು ಸಕ್ಕರೆ ಬದಲಿಸಿದರು. ಹಣ್ಣಿನ ಸಕ್ಕರೆ ಬಿಟ್ಟ ದಿನ ಹಲಗಿಯ ಒಂದು ಮೂಲೆಯಿಂದ ಗುನುಗು ಎದ್ದಿತು.

"ಗ್ಲೂಕೋಸ್ ಬೇಡವಂತೆ, ಹಣ್ಣಿನ ಸಕ್ಕರೆಯೇ ಬೇಕಂತೆ. ಎಷ್ಟು ನಖರಾ ನೋಡು," ಎಂದಳು ಸವಿನಾ.

ಅವು ಎದ್ದವು, ಆದರೆ ಒಟ್ಟಿಗೆ ಏಳಲಿಲ್ಲ. ಸಕ್ಕರೆಯ ಜೊತೆಗೇ ಔಷಧ ಕೊಟ್ಟರೆ ತಡವಾಗಿ ಏಳುವವು ತಪ್ಪಿಸಿಕೊಂಡವು. ಎಲ್ಲವೂ ಏಳಲಿ ಎಂದು ಬಹಳ ಹೊತ್ತು ಕಾದರೆ ಮೊದಲು ಎದ್ದವು ತಿಂದು ಕೊಬ್ಬಿ, ತಮ್ಮ ಸುತ್ತ ಲೋಳೆಯ ಹೊದಿಕೆ ನೇಯ್ದುಕೊಂಡು ಕೂತವು. ಯಾರದೋ ಕಾಲಿನಿಂದ ತೆಗೆದಿದ್ದ ಹಳೆಯ ಲೋಹದ ಕೀಲೊಂದನ್ನು ಡಾಕ್ಟರ್ ಇಮ್ತಿಯಾಜ್ ಕೊಟ್ಟಿದ್ದರು. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ ಪ್ರಯೋಗ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಬಂದು ನೋಡಿದರೆ ಔಷಧ ಕೊಡುವ ಮೊದಲು ಇದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಳೆದು ಕೀಲು ಮಂಜಾಗಿ ಹೋಗಿತ್ತು. ದಾಕ್ಷಾಯಣಿ ಕೈಗವಸು ತೆಗೆದು ಹೊರಗೆ ಹೋಗಿ, ಗುಲ್‌ಮೊಹರ್ ಮರದ ಕಟ್ಟೆಯ ಮೇಲೆ ಕೂತುಬಿಟ್ಟಳು. ಇದೇ ಅತ್ತೆಯ ಮಂಡಿಯಲ್ಲಿ ಆಗಿದ್ದರೆ?

ಸವಿನಾ ಎರಡು ಕಪ್ ಚಹಾ ಹಿಡಿದುಕೊಂಡು ಬಂದಳು. "ಒಂದೇ ಪಂಕ್ತಿಗೆ ಎಲ್ಲರನ್ನೂ ಕೂರಿಸಬೇಕು ಅಂತ ಯಾಕೆ ಹಟ ಮಾಡೋದು? ಎರಡನೇ ಪಂಕ್ತಿ ಹಾಕುವ, ಮೂರನೇದು ಹಾಕುವ. ಎಷ್ಟು ಎದ್ದಿವೆ ಅಂತ ಹಲಗಿ ಹೇಳ್ತದಲ್ಲ."

ದಾಕ್ಷಾಯಣಿ ಚಹಾದ ಕಪ್ಪನ್ನು ಕೆಳಗಿಟ್ಟಳು. ಅಂದಿನಿಂದ ದಾರಿ ಬದಲಾಯಿತು. ಸಕ್ಕರೆ ಕೊಟ್ಟು, ಹೆಚ್ಚಿನವು ಎದ್ದ ಸದ್ದು ಕೇಳಿದೊಡನೆ ಔಷಧ. ಮೌನ ಬಿದ್ದ ಮೇಲೆ ಮತ್ತೆ ಸಕ್ಕರೆ, ಮತ್ತೆ ಔಷಧ. ಸಕ್ಕರೆ ಕೊಟ್ಟರೂ ಏನೂ ಏಳದಿರುವ ತನಕ. ಮೂಲೆಯಲ್ಲೊಂದು ದೊಡ್ಡ ಗುಂಪು ಮಲಗಿರುವಾಗ ಮಾತ್ರ ಅವಸರ ಮಾಡುವಂತಿರಲಿಲ್ಲ. ಅದು ಎದ್ದ ಮೇಲೆಯೇ ಔಷಧ; ಇಲ್ಲದಿದ್ದರೆ ಅಷ್ಟು ದೊಡ್ಡ ಗುಂಪು ಔಷಧ ಇಳಿದ ಮೇಲೆ ಒಮ್ಮೆಲೇ ಎದ್ದು ಲೋಳೆ ನೇಯ್ದುಕೊಳ್ಳುತ್ತಿತ್ತು. ಲೋಹದ ಕೀಲು ಸ್ವಚ್ಛವಾಯಿತು. ಇನ್ನೊಂದು ಸಲ ಮಾಡಿದರು, ಮತ್ತೆ ಸ್ವಚ್ಛ. ಇನ್ನೊಂದು ಸಲ ಮಾಡುವಾಗ ಡಾಕ್ಟರ್ ಇಮ್ತಿಯಾಜರೇ ಬಂದು ಹೆಡ್‌ಫೋನ್ ಹಾಕಿಕೊಂಡು ಕೂತರು. ಆ ಸಲವೂ ಸ್ವಚ್ಛ.

"ಮಂಡಿಯೊಳಗ ಒಂದು ಸಣ್ಣ ನಳಿಗಿ ಇಟ್ಟು ನಿಮ್ಮ ಬಿಲ್ಲೆ ಕೂಡಸಬಹುದು," ಎಂದರು. "ಔಷಧ, ಸಕ್ಕರಿ ಎರಡೂ ಅದರಾಗ ಹೋಗ್ತಾವ. ಆದ್ರ ಒಪ್ಪಗಿ ಬೇಕು."

ಆಸ್ಪತ್ರೆಯ ಸಮಿತಿ ಹಲವು ಸಲ ಸೇರಿ ಚರ್ಚಿಸಿ ಒಪ್ಪಿತು, ಒಂದು ಷರತ್ತಿನ ಮೇಲೆ. ರೋಗಿ ಸ್ವಂತ ಅತ್ತೆಯಾದ್ದರಿಂದ ದಾಕ್ಷಾಯಣಿ ಅವಳಿಗೆ ಸಲಹೆ ಕೊಡಕೂಡದು. ಸದ್ದು ಕೇಳಿ ಕೇಳಿದ್ದನ್ನು ಹೇಳಬೇಕು, ಅಷ್ಟೇ. ಔಷಧ ಯಾವಾಗ ಎಂಬ ತೀರ್ಮಾನ ಡಾಕ್ಟರದು. ಬೇರೆ ಊರಿನ ವೈದ್ಯರೊಬ್ಬರು ಬಂದು ನೀಲಗಂಗವ್ವನಿಗೆ ಸಾಧಕ ಬಾಧಕಗಳನ್ನೆಲ್ಲ ಬಿಡಿಸಿ ಹೇಳಿ ಹೋದರು.

ಅಂದು ಸಂಜೆ ಹಿತ್ತಲಲ್ಲಿ ಬಟ್ಟೆ ಮಡಚುತ್ತಿದ್ದ ದಾಕ್ಷಾಯಣಿಯನ್ನು ಅತ್ತೆ ಕರೆದಳು.

"ಎದ್ದ ಮ್ಯಾಲ ಔಷಧಕ್ಕ ಬಗ್ಗಲಿಲ್ಲಂದ್ರ ಕಾಲ ಹೋಗ್ತೈತಿ, ಜೀವಾನೂ ಹೋಗಬಹುದು ಅಂದ ಆ ಡಾಕ್ಟರ. ಖರೇನ?"

"ಖರೇರಿ."

"ನನ್ನ ಜಾಗಾದಾಗ ನೀ ಇದ್ರ ಏನ್ ಮಾಡ್ತಿದ್ದಿ?"

"ಅದನ್ನ ನಾ ಹೇಳಬಾರದು ಅತ್ತಿ. ಮಾತು ಕೊಟ್ಟೀನಿ."

ನೀಲಗಂಗವ್ವ ಸೊಸೆಯ ಕೈಲಿದ್ದ ಬಟ್ಟೆ ಇಸಿದುಕೊಂಡು ತಾನೇ ಮಡಚತೊಡಗಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಇಬ್ಬರಿಗೂ ಅಷ್ಟಕ್ಕಷ್ಟೇ ಇತ್ತು. ಸೊಸೆಗೆ ಅಡುಗೆಮನೆಯ ಹಾದಿ ಗೊತ್ತಿಲ್ಲ ಎಂದು ಅತ್ತೆ, ಅತ್ತೆಗೆ ತನ್ನ ಕೆಲಸವೇನೆಂದು ಕೇಳುವಷ್ಟೂ ಆಸಕ್ತಿ ಇಲ್ಲ ಎಂದು ಸೊಸೆ. ಈ ಕೆಲವು ವಾರಗಳಲ್ಲಿ ಅವರು ಆಡಿದಷ್ಟು ಮಾತು ಅದಕ್ಕೆ ಮೊದಲು ವರ್ಷಗಟ್ಟಲೆ ಆಡಿರಲಿಲ್ಲ.

"ಹೇಳಬ್ಯಾಡ ಬಿಡು," ಎಂದಳು ನೀಲಗಂಗವ್ವ. "ಕೀಲು ತಗದು ಮೂಲ್ಯಾಗ ಕುಂದ್ರಿಸಿದ್ರ ನಾ ಮಂದಿ ಮ್ಯಾಲ ಸಿಟ್ಟಾಗಿ ಸಿಟ್ಟಾಗಿ ಸಾಯಾಕಿ. ಅದಕ್ಕಿಂತ ಇದ ಚಲೋ. ನಾ ಹೂಂ ಅಂದೀನಿ ಅಂತ ಹೇಳು ನಿಮ್ಮ ಡಾಕ್ಟರಗ. ಇದು ನಂದ ಮಾತು, ನಿಂದಲ್ಲ."

*

ನಳಿಗೆ ಇಟ್ಟ ಮೇಲೆ ಮೊದಲು ಮಾಮೂಲಿ ಔಷಧದಿಂದ ಎಚ್ಚರವಿದ್ದವನ್ನೆಲ್ಲ ಕೊಂದರು. ಹಲಗಿ ಮೌನವಾಯಿತು. ಗೊತ್ತು ಮಾಡಿದ ದಿನ ಬೆಳಿಗ್ಗೆ ನೀಲಗಂಗವ್ವ ಹಾಸಿಗೆಯಲ್ಲಿ ಒರಗಿದ್ದಳು. ಪಕ್ಕದ ಕೋಣೆಯಲ್ಲಿ, ಗಾಜಿನ ಈಚೆ, ದಾಕ್ಷಾಯಣಿ ಮತ್ತು ಸವಿನಾ. ಎರಡೂ ಕೋಣೆಯ ಮಾತು ಧ್ವನಿವರ್ಧಕದಲ್ಲಿ ಆಚೀಚೆ ಕೇಳುತ್ತಿತ್ತು. ಪರದೆಯ ಮೇಲೆ ಹಲಗಿಯ ನಕ್ಷೆ ಪೂರ್ತಿ ಕಪ್ಪಾಗಿತ್ತು. ಎದ್ದ ಹಾಳೆಯ ಜಾಗದಲ್ಲಿ ಹಳದಿ ಚುಕ್ಕೆ ಹತ್ತಬೇಕು. ಚೆನ್ನವೀರ ಹೊರಗೆ ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ.

ಇಮ್ತಿಯಾಜ್ ಸಕ್ಕರೆ ನೀರು ಬಿಟ್ಟರು. ಬಹಳ ಹೊತ್ತು ಏನೂ ಆಗಲಿಲ್ಲ. ನೀಲಗಂಗವ್ವ ನರ್ಸಿಗೆ ಕಡಲೆಹಿಟ್ಟಿನ ಜುಣಕ ಮಾಡುವ ಬಗೆ ಹೇಳಿಕೊಡುತ್ತಿದ್ದಳು. ಹಿಟ್ಟನ್ನು ಒಮ್ಮೆಗೇ ಸುರಿಯಬಾರದು, ಗಂಟು ಕಟ್ಟುತ್ತದೆ ಎನ್ನುವಷ್ಟರಲ್ಲಿ ಒಂದು ಚುಕ್ಕೆ ಹತ್ತಿತು. ಅದರ ಪಕ್ಕ ಇನ್ನೊಂದು. ಮೊರದಲ್ಲಿ ಕಾಳು ಓಡಾಡುವ ಸದ್ದು ಸಣ್ಣಗೆ ಶುರುವಾಯಿತು.

ಸದ್ದು ಬೆಳೆದಂತೆ ನೀಲಗಂಗವ್ವನ ಮಾತು ಇಳಿಯಿತು. ಮಂಡಿ ಕೆಂಪಗಾಯಿತು. ನರ್ಸು ಜ್ವರ ನೋಡಿ ಡಾಕ್ಟರ ಕಡೆ ತಿರುಗಿದಳು.

"ಮೇಡಂ, ಜ್ವರ ಏರಾಕತ್ತೈತಿ," ಇಮ್ತಿಯಾಜರ ದನಿ ಬಂತು. "ನಿಮ್ಮ ಕಡೆ ಏನ್ ಐತಿ?"

ಪರದೆಯ ತುಂಬ ಹಳದಿ ಹರಡಿತ್ತು. ಆದರೆ ಎಡಗಡೆಯ ಕೆಳಮೂಲೆ ಇನ್ನೂ ಕಪ್ಪು. ಲೋಹ ಮೂಳೆಗೆ ಕೂಡುವ ಸಂದಿಗೆ ಬಿಲ್ಲೆಯ ಆ ಮೂಲೆ ತಾಗಿತ್ತು. ಅಲ್ಲಿ ಏನೂ ಇಲ್ಲದೆಯೂ ಇರಬಹುದು. ದಾಕ್ಷಾಯಣಿ ಕಣ್ಣು ಮುಚ್ಚಿ ಕೇಳಿದಳು. ದೂರದ ಒಂದು ಪೆಟ್ಟು, ಬಹಳ ಬಿಟ್ಟು ಇನ್ನೊಂದು, ಪ್ರತಿ ಸಲವೂ ಬೇರೆ ಹಾಳೆಯಿಂದ. ಇವೆ. ಮಲಗಿವೆ.

"ಎಡಗಡಿ ಮೂಲಿ ಇನ್ನೂ ಎದ್ದಿಲ್ರಿ. ಅಲ್ಲೆ ಬಾಳ ಅದಾವ."

"ಉಳದಾವು?"

"ಉಳದಾವೆಲ್ಲಾ ಎದ್ದಾವ."

ಡಾಕ್ಟರು ಆ ಮೂಲೆ ಏಳಲೆಂದು ಕಾದರು. ಔಷಧದ ಸಿರಿಂಜು ಹಿಡಿದ ಅವರ ಕೈ ಗಾಜಿನಾಚೆ ಸ್ಪಷ್ಟವಾಗಿ ಕಾಣುತ್ತಿತ್ತು. ಕೊಟ್ಟುಬಿಡಿ ಎನ್ನಬೇಕೆಂದು ದಾಕ್ಷಾಯಣಿಯ ನಾಲಿಗೆಯ ತುದಿಗೆ ಬಂತು. ಹಾಸಿಗೆಯ ಮೇಲೆ ನರಳುತ್ತಿರುವುದು ಯಾವುದೋ ಸೀಸೆಯ ಮೇಲಿನ ಸಂಖ್ಯೆಯಲ್ಲ. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು.

ಧ್ವನಿವರ್ಧಕದಲ್ಲಿ ನೀಲಗಂಗವ್ವನ ಸಣ್ಣ ದನಿ ಕೇಳಿತು. "ದಾಕ್ಷಾಯಣಿ, ಎಷ್ಟ್ ಹೊತ್ತಬೇ? ಊಟಾ ಮಾಡಿ ಕೈ ತೊಳ್ಕೊಂಡ್ವೋ ಇಲ್ಲೋ ಇವು?"

"ಇನ್ನೊಂದೀಟು ಮಂದಿ ಬರೂದೈತಿ ಅತ್ತಿ."

"ಲಗೂ ಬರಾಕ ಹೇಳು. ತಾಟು ಎತ್ತಬೇಕು."

ಸವಿನಾ ನಗಲು ಹೋಗಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಎಡಮೂಲೆಯಲ್ಲಿ ಒಂದು ಚುಕ್ಕೆ ಮಿಣುಕಿತು. ಆರಿತು. ಮತ್ತೆ ಹತ್ತಿ, ಅದರ ಸುತ್ತ ನಾಲ್ಕಾರು ಹತ್ತಿ, ಇಡೀ ಮೂಲೆ ಒಮ್ಮೆಲೇ ಹಳದಿಗೆ ತಿರುಗಿತು.

"ಎದ್ವು," ಎಂದಳು ದಾಕ್ಷಾಯಣಿ. "ಡಾಕ್ಟ್ರ, ಎಡಗಡಿಯವೂ ಎದ್ವು."

ಇಮ್ತಿಯಾಜ್ ಸಿರಿಂಜು ಒತ್ತಿದರು.

ಸದ್ದು ಇಳಿಯಲಿಲ್ಲ. ಇನ್ನೂ ಜೋರಾದಂತೆ ಕೇಳಿತು. ಮಂಜಾಗಿ ಹೋಗಿದ್ದ ಆ ಲೋಹದ ಕೀಲು ದಾಕ್ಷಾಯಣಿಯ ಕಣ್ಣಮುಂದೆ ಬಂತು. ಸವಿನಾ ಅವಳ ಭುಜವನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು. ಅದು ನೋಯುತ್ತಿದೆ ಎಂಬುದು ದಾಕ್ಷಾಯಣಿಗೆ ಆಮೇಲೆ ಗೊತ್ತಾಯಿತು. ನಂತರ ಎಲ್ಲೋ ಒಂದು ಕಡೆ ಸದ್ದಿನಲ್ಲಿ ತೂತು ಬಿದ್ದಂತಾಯಿತು. ಚುಕ್ಕೆಗಳು ಒಂದೊಂದಾಗಿ, ಆಮೇಲೆ ಹಿಂಡುಹಿಂಡಾಗಿ ಆರತೊಡಗಿದವು. ಕೊನೆಗೆ ಉಳಿದದ್ದು ಧ್ವನಿವರ್ಧಕದಲ್ಲಿ ನೀಲಗಂಗವ್ವನ ಉಸಿರು ಮಾತ್ರ.

ಎರಡನೇ ಪಂಕ್ತಿಯಲ್ಲಿ ಬೆರಳೆಣಿಕೆಯಷ್ಟು ಎದ್ದವು, ಔಷಧಕ್ಕೆ ಬಿದ್ದವು. ಮೂರನೇ ಸಲ ಸಕ್ಕರೆ ಕೊಟ್ಟಾಗ ಪರದೆ ಕಪ್ಪಾಗಿಯೇ ಉಳಿಯಿತು. ಸಂಜೆ ಜ್ವರ ಇಳಿದ ಮೇಲೆ ನೀಲಗಂಗವ್ವ ಮಜ್ಜಿಗೆ ಅನ್ನ ಕೇಳಿದಳು. ಆಸ್ಪತ್ರೆಯ ಉಪ್ಪಿನಕಾಯಿಗೆ ಉಪ್ಪು ಕಡಿಮೆ ಎಂದಳು. ಚೆನ್ನವೀರ ಆಗ ಒಳಗೆ ಬಂದು ಅವ್ವನ ಕಾಲಬುಡದಲ್ಲಿ ಕೂತು, ಅವಳ ಎಡಪಾದ ಒತ್ತತೊಡಗಿದ.

"ಆ ಕಾಲಲ್ಲೋ, ಇನ್ನೊಂದು," ಎಂದಳು ನೀಲಗಂಗವ್ವ. "ಅದಕ್ಕೇನಾಗೇತಿ."

*

ಬಿಲ್ಲೆಯನ್ನು ಕೆಲವು ವಾರ ಮಂಡಿಯಲ್ಲೇ ಬಿಟ್ಟು ಕೇಳಿದರು. ಔಷಧ ಪೂರ್ತಿ ನಿಲ್ಲಿಸಿ ಕೇಳಿದರು. ನಳಿಗೆ, ಬಿಲ್ಲೆ ಎರಡನ್ನೂ ತೆಗೆದರು. ಮಳೆಗಾಲ ಕಳೆದು ದಸರೆಯ ಹೊತ್ತಿಗೆ ಮತ್ತೊಮ್ಮೆ ಮಂಡಿಯ ನೀರು ತೆಗೆದು ಹಲಗಿಯ ಮೇಲೆ ಬಿಟ್ಟು, ಸಕ್ಕರೆ ಕೊಟ್ಟು ಕಾದರು. ಏನೂ ಏಳಲಿಲ್ಲ. ಆ ವೇಳೆಗೆ ಇನ್ನೂ ಹಲವರು ಡಾಕ್ಟರ್ ಇಮ್ತಿಯಾಜರ ಬಳಿ ಬಂದಿದ್ದರು. ಎಲ್ಲರಿಗೂ ಗುಣವಾಗಲಿಲ್ಲ. ನವಲಗುಂದದ ನಿವೃತ್ತ ಮಾಸ್ತರರೊಬ್ಬರ ಮಂಡಿಯಲ್ಲಿದ್ದವು ಯಾವ ಸಕ್ಕರೆಗೂ ಏಳದೆ ಕಡೆಗೆ ಕೀಲನ್ನು ತೆಗೆಯಲೇಬೇಕಾಯಿತು. ಅವುಗಳಿಗೆ ಯಾವ ತಿಂಡಿ ಇಷ್ಟವಾದೀತು ಎಂದು ಸವಿನಾ ಮತ್ತು ದಾಕ್ಷಾಯಣಿ ಈಗಲೂ ಹುಡುಕುತ್ತಿದ್ದಾರೆ.

ದೀಪಾವಳಿ ಕಳೆದ ಒಂದು ಸಂಜೆ ಖಾನಾವಳಿಗೆ ರಜೆ ಮಾಡಿ ಅತ್ತೆ ಸೊಸೆ ಉಣಕಲ್ ಕೆರೆಗೆ ಹೋದರು. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಕೆರೆಯ ಮೇಲೆ ತಣ್ಣನೆಯ ಗಾಳಿ ಇತ್ತು. ದಂಡೆಯಲ್ಲಿ ಶೇಂಗಾ ಹುರಿಯುವ ವಾಸನೆ. ಸ್ವಲ್ಪ ದೂರ ನಡೆದ ಮೇಲೆ ನೀಲಗಂಗವ್ವ ಕೇಳಿದಳು.

"ಖರೇ ಹೇಳು. ಒಂದರ ಉಳದಿರಬಹುದೇನು ಒಳಗ?"

ಇಲ್ಲ ಎನ್ನುವುದು ಸುಲಭವಿತ್ತು.

"ಉಳದಿರಬಹುದು ಅತ್ತಿ. ಕೇಳಿದ ಮಟ್ಟಿಗೆ ಇಲ್ಲ. ಕೇಳಸದ್ದು ಇಲ್ಲ ಅಂತ ನಾ ಹೆಂಗ ಆಣಿ ಮಾಡ್ಲಿ?"

"ಎದ್ರ?"

"ಎದ್ರ ನಮಗ ಗೊತ್ತಾಕ್ಕೈತಿ. ಏನ್ ಮಾಡಬೇಕು ಅನ್ನೂದೂ ಈಗ ಗೊತ್ತೈತಿ."

"ಅಲ್ಲೀತನಕ?"

"ಅಲ್ಲೀತನಕ ನಡೀರಿ."

ನೀಲಗಂಗವ್ವನಿಗೆ ಈ ಉತ್ತರ ಹಿಡಿಸಿತೆಂದು ತೋರಿತು. ಸೀರೆಯ ನಿರಿಗೆಯನ್ನು ಸ್ವಲ್ಪ ಮೇಲೆತ್ತಿ ಸಿಕ್ಕಿಸಿಕೊಂಡು ಹೆಜ್ಜೆ ಜೋರು ಮಾಡಿದಳು. ಇಡೀ ದಿನ ಕುರ್ಚಿಯಲ್ಲಿ ಕೂತು ಸದ್ದು ಕೇಳುವ ದಾಕ್ಷಾಯಣಿಗೆ ಅವಳ ಜೊತೆ ಹೆಜ್ಜೆ ಹಾಕುವುದು ಕಷ್ಟವಾಯಿತು. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಏದುಸಿರು ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅತ್ತಿ, ಸ್ವಲ್ಪ ನಿಂದರ್ರಿ. ನನಗ ಆಗವಲ್ದು."

ನೀಲಗಂಗವ್ವ ತಿರುಗಿ ನೋಡಿದಳು. ಹತ್ತಿರದ ಕಲ್ಲುಬೆಂಚನ್ನು ಸೆರಗಿನ ತುದಿಯಿಂದ ಒರೆಸಿ ಸೊಸೆಯನ್ನು ಕೂರಿಸಿದಳು.

"ನೀ ಇಲ್ಲೇ ಕುಂತಿರು. ನಾ ಒಂದ್ ಸುತ್ತ ಹಾಕಿ ಬರ್ತೀನಿ."

ಹಾಗೆಂದವಳು ಹಿಂದೆ ನೋಡದೆ, ವಾಯುವಿಹಾರಕ್ಕೆ ಬಂದಿದ್ದ ಗಂಡಸರಿಬ್ಬರನ್ನು ದಾಟಿಕೊಂಡು ಹೊರಟೇಬಿಟ್ಟಳು.